ಎಡಗೈ ಕೆಳಗೆ ಬಲಗೈ

ಹಿತ್ತಾಳೆ ತಟ್ಟೆಯ ಮೇಲೆ ಏನೋ ಬಿದ್ದ ಸದ್ದು. ಶುರುವಾಗಿದ್ದು ಅಲ್ಲಿಂದ.

ನಮ್ಮತ್ತೆ ನೀಲಮ್ಮ ಪೂಜೆಗೆ ಕೂತಿದ್ದರು. ಕೊಟ್ಟೂರಿನ ನಮ್ಮ ಓಣಿಯ ಹಿಟ್ಟಿನ ಗಿರಣಿ ಅವರದು. ಗಿರಣಿಯ ಹಿಂದಿನ ಕೋಣೆಯಲ್ಲಿ ಅವರ ಒಲೆ, ಅವರ ಹಾಸಿಗೆ, ಅವರ ದೇವರು. ನಾವು ಗೋಡೆಯ ಆಚೆ. ಮಾವ ತೀರಿಕೊಂಡ ಮೇಲೆ ಗಿರಣಿ ತಾನು ನೋಡಿಕೊಳ್ಳುತ್ತೇನೆ ಎಂದ ಮಗನಿಗೆ, ಅಂದರೆ ನನ್ನ ಗಂಡನಿಗೆ, "ನನ್ನ ಕೈಕಾಲು ಇನ್ನಾ ಆಡ್ತಾವಪ್ಪ, ನಿನ್ನ ಕೆಲ್ಸ ನೀ ನೋಡ್ಕೋ" ಅಂದಿದ್ದರು. ಪೂಜೆಗೆಂದು ನಾನು ಒಂದು ಚೊಂಬು ನೀರು ತಂದಿಟ್ಟರೆ ಅದನ್ನು ಗಿಡಕ್ಕೆ ಸುರಿದು, ತಾವೇ ನಲ್ಲಿಯಿಂದ ಹಿಡಿದುಕೊಳ್ಳುತ್ತಿದ್ದರು. ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಸುಮ್ಮನಾದೆ.

ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳುವುದು. ಬಲಗೈಯಿಂದ ನೀರು, ವಿಭೂತಿ, ಪತ್ರೆ. ಅದಾಗದೆ ಚಹಾ ಕೂಡ ಮುಟ್ಟಿದವರಲ್ಲ. ಆ ಎಡಗೈಯಿಂದ ಲಿಂಗ ಜಾರಿ ತಟ್ಟೆಗೆ ಬಿದ್ದಿತ್ತು. ನಾನು ಬಾಗಿಲಿಗೆ ಹೋದಾಗ ಅವರು ಅಂಗೈಯನ್ನೇ ನೋಡುತ್ತಾ ಕೂತಿದ್ದರು.

"ಏನಾತ್ರಿ ಅತ್ತಿ?"

"ಅವ ನನ್ನ ಕೈ ಬಿಟ್ಟ, ಶಾಂತಾ."

ನಮ್ಮ ಮನೆಗಳಲ್ಲಿ ಆ ಮಾತಿಗೆ ಒಂದೇ ಅರ್ಥ. ಲಿಂಗ ಬೀಳುವುದು ಕೇಡಿನ ಸೂಚನೆ ಎಂದು ಕೇಳುತ್ತಲೇ ಬೆಳೆದವರು ನಾವು. ಅವತ್ತು ಅವರು ಊಟ ಮಾಡಲಿಲ್ಲ. ನನ್ನ ಗಂಡ ಹೋಗಿ ಮಠದ ಅಯ್ಯನವರನ್ನು ಕರೆತಂದರು. ಕರಡಿಗೆಗೆ ಹೊಸ ಶಿವದಾರ, ರುದ್ರಾಭಿಷೇಕ, ಜಂಗಮರಿಗೆ ಊಟ. ಹೋಳಿಗೆ ಮಾಡಿದವಳು ನಾನೇ. ಆಸ್ಪತ್ರೆಯ ಮಾತನ್ನು ಯಾರೂ ಎತ್ತಲಿಲ್ಲ. ದೇವರು ಮುನಿದರೆ ಡಾಕ್ಟರ್ ಏನು ಮಾಡುತ್ತಾರೆ?

ಮತ್ತೆ ಬಿತ್ತು.

ಅಲ್ಲಿಂದಾಚೆ ಅತ್ತೆ ಚಿಲಕ ಹಾಕಿಕೊಂಡು ಪೂಜೆ ಮಾಡತೊಡಗಿದರು. ನಾನು ಈಚೆ ರೊಟ್ಟಿ ಬಡಿಯುತ್ತಾ ತಟ್ಟೆಯ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದೆ. ಸದ್ದು ಬರಲಿಲ್ಲ. ದೇವರ ಸಿಟ್ಟು ಇಳಿಯಿತು ಅಂದುಕೊಂಡೆವು. ತಟ್ಟೆಯೊಳಗೆ ಅವರು ಟವೆಲ್ ಹಾಸಿಕೊಳ್ಳುತ್ತಿದ್ದರೆಂಬುದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಎಡಗಾಲಿನ ಚಪ್ಪಲಿ ಅವರಿಗೇ ತಿಳಿಯದಂತೆ ಕಳಚಿ ಹಿಂದೆ ಉಳಿಯುತ್ತಿತ್ತು. ಎಡ ಭುಜದ ಸೆರಗು ನಿಲ್ಲುತ್ತಿರಲಿಲ್ಲ. ಮುಂಜಾನೆ ತಲೆನೋವು ಎನ್ನುತ್ತಿದ್ದರು. ವಯಸ್ಸಾಯಿತಲ್ಲ ಎಂದೆವು.

ಗಿರಣಿಯಲ್ಲಿ ಹಿಟ್ಟು ಬೀಳುವ ಬಾಯಿಗೆ ಕೈಯೊಡ್ಡಿ, ಬೆರಳಲ್ಲಿ ಉಜ್ಜಿ, ಇನ್ನೂ ನುಣ್ಣಗಾಗಬೇಕೋ ಎಂದು ನೋಡುವುದು ಅವರ ರೂಢಿ. ಒಂದು ಮಧ್ಯಾಹ್ನ ಬಲಗೈಯಿಂದ ಹಾಗೆ ನೋಡುತ್ತಿದ್ದರು. ಜೋಳ ಬೀಸಿಸಲು ಬಂದ ಹುಸೇನಬಿ ಕಿರುಚಿದಳು.

"ನೀಲಮ್ಮಾರ, ಕೈ ತಗೀರಿ, ಬೆಲ್ಟು!"

ಅವರ ಎಡಗೈ ಓಡುತ್ತಿದ್ದ ಬೆಲ್ಟಿನ ಪಕ್ಕಕ್ಕೇ ತೇಲಿಕೊಂಡು ಹೋಗಿತ್ತು. ಬಾಗಿಲಲ್ಲಿದ್ದ ನಾನು ಓಡಿ ಸ್ವಿಚ್ ಆರಿಸಿದೆ, ಕೈ ಹಿಡಿದು ಎಳೆದೆ. ಅತ್ತೆ ಆ ಕೈಯನ್ನು ನೋಡಿ ಮೆತ್ತಗೆ ಕೇಳಿದರು.

"ಯಾರ ಕೈಯವ್ವಾ ಇದು?"

ಅವತ್ತೇ ಸಂಜೆ ದಾವಣಗೆರೆಗೆ ಹೊರಟೆವು. ಅತ್ತೆ ಬಲಗೈಯಲ್ಲಿ ಕರಡಿಗೆಯನ್ನು ಬಿಗಿಯಾಗಿ ಹಿಡಿದಿದ್ದರು. ಕೈ ಹೋದರೆ ಹೋಗಲಿ, ಪೂಜೆ ಹೋದರೆ ಈ ಹೆಂಗಸು ಬದುಕುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಮರುದಿನ ಡಾಕ್ಟರ್ ಎರಡೂ ಕೈ ಮುಂದಕ್ಕೆ ಚಾಚಿ ಕಣ್ಣು ಮುಚ್ಚಲು ಹೇಳಿದರು. ಬಲಗೈ ನಿಂತಿತು. ಎಡಗೈ ನಿಧಾನಕ್ಕೆ, ತಾನಾಗಿಯೇ, ಇಳಿಯತೊಡಗಿತು.

"ಕಣ್ಣು ಬಿಟ್ಟು ನೋಡಿ ಅಜ್ಜಿ" ಅಂದರು. ಅತ್ತೆ ನೋಡಿದರು.

ಎಂಆರ್‌ಐ ಮಾಡಬೇಕಾಯಿತು. ಮೈಮೇಲೆ ಏನೂ ಇರಬಾರದು ಎಂದರು. ಲಿಂಗ ಮೈ ಬಿಟ್ಟಿರುವಾಗ ಉಗುಳೂ ನುಂಗದವರು ನಮ್ಮತ್ತೆ. ನಾನು ಜಗಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಸುಮ್ಮನೆ ನನ್ನ ಕಡೆ ತಿರುಗಿ "ಸೆರಗು ಒಡ್ಡು" ಅಂದರು. ನಾನು ತಂದ ನೀರನ್ನೂ ಮುಟ್ಟದವರು ಕರಡಿಗೆ ಬಿಚ್ಚಿ ನನ್ನ ಸೆರಗಿಗೆ ಹಾಕಿದರು. ಸ್ಕ್ಯಾನ್ ಮುಗಿಯುವವರೆಗೆ ನಾನೂ ಉಗುಳು ನುಂಗಲಿಲ್ಲ.

ಬ್ರೈನ್ ಟ್ಯೂಮರ್.

"ಮೆದುಳಿನ ಬಲಭಾಗದಲ್ಲಿದೆ. ಅದು ನಡೆಸೋದು ಎಡಗೈಯನ್ನ, ಎಡಗಾಲನ್ನ" ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಗಂಡ ತಲೆ ಹಿಡಿದು ಕೂತರು. ನನಗೆ ಅಳು ಬಂತು. ಅತ್ತೆಯ ಮುಖ ಮಾತ್ರ, ಎಷ್ಟೋ ದಿನಗಳ ನಂತರ, ಸಡಿಲವಾಯಿತು.

"ಅಂದ್ರ ಅವ ಬಿಟ್ಟಿಲ್ಲ. ಕೈ ಬಿಟ್ಟೈತಿ."

ಇಷ್ಟು ದಿನ ಅವರು ಒಳಗೊಳಗೇ ಯಾವ ಭಯ ಉಂಡಿದ್ದರೆಂದು ನನಗೆ ಆಗ ತಿಳಿಯಿತು. ಸಾವಿನದಲ್ಲ ಅದು. ಬದುಕಿಡೀ ಹಿಡಿದುಕೊಂಡವನೇ ತನ್ನನ್ನು ಬೇಡ ಅಂದನೆಂಬ ಭಯ.

"ಆಪರೇಷನ್ ಮಾಡಿದ್ರ ಈ ಕೈ ಲಿಂಗ ಹಿಡೀತೈತ್ರೇನು?" ಎಂದು ಡಾಕ್ಟರನ್ನು ಕೇಳಿದರು.

"ಕಷ್ಟ ಅಜ್ಜಿ. ಈ ವಯಸ್ಸಿಗೆ ಎಚ್ಚರ ಆಗದೆಯೂ ಇರಬಹುದು."

"ಹಂಗಾರ ಮನಿಗೆ ಹೋಗಾಣ."

ಮಗ ಬೇಡಿಕೊಂಡರು, ರೇಗಿದರು. ಅವರು ಜಗ್ಗಲಿಲ್ಲ. ಮೊದಲೇ ಬಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಹೆಚ್ಚೇನೂ ಆಗುತ್ತಿರಲಿಲ್ಲ ಅಂದರು. ನಿಜವೋ, ನನ್ನ ಸಮಾಧಾನಕ್ಕೋ, ಇವತ್ತಿಗೂ ಗೊತ್ತಿಲ್ಲ.

ಮಾತ್ರೆಗಳ ಜೊತೆ ಊರಿಗೆ ಬಂದೆವು. ಗಿರಣಿಗೆ ಮಗ ನಿಂತರು. ಬಂದ ಮರುದಿನ ಅತ್ತೆ ಪೂಜೆಗೆ ಕೂತರು. ಚಿಲಕ ಹಾಕಲಿಲ್ಲ. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟರು. ಅಂಗೈ ಮೇಲೆ ಲಿಂಗ ಇಟ್ಟು, ಎಡಗೈ ಕೆಳಗೆ ಬಲಗೈ ಕೊಟ್ಟು, ಎರಡನ್ನೂ ಒಟ್ಟಿಗೆ ಎತ್ತಿದರು. ಲಿಂಗ ನಿಂತಿತು. ಆದರೆ ನೀರೆರೆಯಲು ಕೈ ಉಳಿಯಲಿಲ್ಲ.

"ಶಾಂತಾ, ನೀರು ತಗೊಂಬಾ."

ನಾನು ತಂದ ನೀರು. ಗಿಡಕ್ಕೆ ಹೋಗಲಿಲ್ಲ.

ಆಮೇಲೆ ದಿನಾ ಹಾಗೆಯೇ. ಕಾಲು ಹೋಯಿತು, ಮಾತು ತೊದಲಿತು, ನನ್ನನ್ನು ಒಮ್ಮೊಮ್ಮೆ ತಮ್ಮ ತಂಗಿ ಎಂದುಕೊಳ್ಳುತ್ತಿದ್ದರು. ಪ್ರತಿ ಮುಂಜಾನೆ ಇವತ್ತು ಬೀಳುತ್ತದೆ ಎಂದುಕೊಂಡೇ ನಾನು ನೀರೆರೆಯುತ್ತಿದ್ದೆ. ಬಲಗೈ ಮಾತ್ರ ಮರೆಯಲಿಲ್ಲ. ಒಂದು ದಿನ ಪೂಜೆ ಮುಗಿದು, ತೀರ್ಥ ತೆಗೆದುಕೊಂಡು, ಗೋಡೆಗೆ ಒರಗಿದವರು ಏಳಲಿಲ್ಲ.

ಹೋದ ತಿಂಗಳು ಅವರನ್ನು ಮಣ್ಣು ಮಾಡಿದೆವು. ನಮ್ಮಲ್ಲಿ ಹೋದವರನ್ನು ಗುಣಿಯೊಳಗೆ ಕೂರಿಸಿ ಎಡ ಅಂಗೈ ಮೇಲೆ ಅವರ ಲಿಂಗ ಇಡುತ್ತಾರೆ. ಅಯ್ಯನವರು ಕರಡಿಗೆ ಬಿಚ್ಚಿದರು. ಹೆಂಗಸರ ಜೊತೆ ದೂರ ನಿಂತಿದ್ದ ನನಗೆ ತಡೆಯಲಾಗಲಿಲ್ಲ.

"ಅಯ್ನೋರ, ಎಡಗೈ ಒಂದನ್ನ ನಂಬಬ್ಯಾಡ್ರಿ. ಕೆಳಗ ಬಲಗೈ ಕೊಡ್ರಿ."

ಎಲ್ಲರೂ ತಿರುಗಿ ನೋಡಿದರು. ಅಯ್ಯನವರು ಅತ್ತೆಯ ಬಲಗೈ ತೆಗೆದು ಎಡಗೈಯ ಕೆಳಗಿಟ್ಟರು. ಮೇಲೆ ಲಿಂಗವಿಟ್ಟು ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು.

ಬೀಳಲಿಲ್ಲ.