ಮೆಟ್ಟಿಲು ಎಣಿಸಿದ ಭಾನುವಾರ

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಅದು ಕಣ್ಣಿಗೆ ಇಳಿದದ್ದು ಹನ್ನೊಂದು ವರ್ಷ ಕಳೆದ ಮೇಲೆ. ಮೊದಲು ಎಡಗಣ್ಣು ಹೋಯಿತು. ಬಲಗಣ್ಣಿಗೆ ಲೇಸರ್ ಮಾಡಿಸಿ, ಇಂಜೆಕ್ಷನ್ ಹಾಕಿಸಿ ಹೇಗೋ ಉಳಿಸಿಕೊಂಡಿದ್ದೆವು. ಅದರಲ್ಲಿ ಅವರಿಗೆ ಕಾಣುತ್ತಿದ್ದದ್ದು ಹೊಗೆ ತುಂಬಿದ ಅಡುಗೆಮನೆಯೊಳಗೆ ನಿಂತು ನೋಡಿದಷ್ಟು. ಯಾರೋ ಬಂದರು ಎಂದು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಬಣ್ಣ ತಿಳಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅದೂ ಇಲ್ಲ.

ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಅವರು ಕಬ್ಬಿಣ ಕಡೆಯುವ ಲೇತ್ ಮೆಷಿನ್ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದರು. ಅಳತೆ ತಪ್ಪತೊಡಗಿದಾಗ, ಬೇರೆಯವರು ಹೇಳುವ ಮೊದಲೇ ತಾವಾಗಿ ಬಿಟ್ಟು ಬಂದರು. ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಸೆಕ್ಷನ್. ಹೊಲಿದು ಬಂದ ಶರ್ಟನ್ನು ಬೆಳಕಿಗೆ ಹಿಡಿದು, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಕಲೆ ಇದೆ ಎಂದು ಹುಡುಕುವುದು ನನ್ನ ಕೆಲಸ. ಚಂದಾಪುರದಲ್ಲಿ ಮಹಡಿ ಮೇಲಿನ ಒಂದು ಬಾಡಿಗೆ ಮನೆ. ನಮಗೆ ಮಕ್ಕಳಿಲ್ಲ.

ಅವರು ಹುಟ್ಟಿ ಬೆಳೆದದ್ದು ಕಂಟೋನ್ಮೆಂಟ್ ಕಡೆಯ ಓಣಿಗಳಲ್ಲಿ. ಅಲ್ಲಿನ ಹುಡುಗರಿಗೆ ಕ್ರಿಕೆಟ್ಟಿಗಿಂತ ಫುಟ್‌ಬಾಲೇ ಹೆಚ್ಚು. ಮದುವೆಯಾದ ಹೊಸದರಲ್ಲಿ ಕಾರ್ಖಾನೆಯ ತಂಡಕ್ಕೂ ಆಡುತ್ತಿದ್ದರು. ಒಮ್ಮೆ ನನ್ನನ್ನೂ ನೋಡಲು ಕರೆದುಕೊಂಡು ಹೋಗಿದ್ದರು. ನನಗೇನೂ ಅರ್ಥವಾಗಿರಲಿಲ್ಲ, ಇವರು ಎಲ್ಲಿದ್ದಾರೆ ಎಂದು ನೋಡುತ್ತಾ ಕೂತು ಬಂದಿದ್ದೆ. ಕಣ್ಣು ಹೋಗುತ್ತಾ ಬಂದ ಮೇಲೆ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಮ್ಯಾಚ್ ನೋಡುತ್ತಿದ್ದರು. ನೋಡುತ್ತಿದ್ದರು ಎನ್ನುವುದಕ್ಕಿಂತ ಕೇಳುತ್ತಿದ್ದರು.

ಆ ವರ್ಷ ನಮ್ಮೂರಿನ ತಂಡ ಸೆಮಿಫೈನಲ್ಲಿಗೆ ಬಂತು. ಎದುರಾಳಿ ಪಕ್ಕದ ರಾಜ್ಯದ ತಂಡ, ಹಳೆಯ ಜಿದ್ದು. ಭಾನುವಾರ ಸಂಜೆ ಐದಕ್ಕೆ, ನಗರದ ನಡುವಿನ ಕ್ರೀಡಾಂಗಣದಲ್ಲಿ. ಊಟ ಮಾಡುತ್ತಿದ್ದಾಗ ಇವರು, "ಒಂದ್ಸಲ ಹೋಗ್ಬರೋಣ್ವಾ?" ಎಂದರು. ಎರಡು ವರ್ಷದಲ್ಲಿ ಅವರಾಗಿ ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಅಷ್ಟು ದೂರದಿಂದ ಏನು ಕಾಣುತ್ತದೆ ಎಂದು ಕೇಳಬೇಕೆನಿಸಿತು. ಅವರೇ ಹೇಳಿದರು, ದೊಡ್ಡ ಲೈಟು ಹಾಕಿರುತ್ತಾರೆ, ಹುಲ್ಲು ಹಸಿರಾಗಿ ಕಾಣುತ್ತದೆ, ಎರಡು ಬಣ್ಣದ ಅಂಗಿಗಳು ಓಡಾಡುವುದು ತಿಳಿದರೆ ಸಾಕು ಎಂದು.

ನನ್ನ ಜೊತೆ ಚೆಕಿಂಗ್ ಮಾಡುವ ಹುಡುಗಿ ಫೋನಿನಲ್ಲೇ ಎರಡು ಟಿಕೆಟ್ ತೆಗೆದುಕೊಟ್ಟಳು. ಹೋಗಿಬರುವುದು ಹೇಗೆ ಎಂಬುದೇ ದೊಡ್ಡ ಯೋಚನೆಯಾಯಿತು. ಬಸ್ಸಿನಲ್ಲಾದರೆ ಹೊಸೂರು ರಸ್ತೆಯನ್ನು ನಂಬುವಂತಿಲ್ಲ. ಹಳದಿ ಮೆಟ್ರೋ ಆಗಷ್ಟೇ ಶುರುವಾಗಿತ್ತು. ಬೊಮ್ಮಸಂದ್ರದಲ್ಲಿ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರು ರೈಲಿಗೆ ಬದಲಾಯಿಸಿ, ಮೆಜೆಸ್ಟಿಕ್ಕಿನಲ್ಲಿ ಮತ್ತೆ ನೇರಳೆಗೆ ಬದಲಾಯಿಸಿ, ಕಬ್ಬನ್ ಪಾರ್ಕಿನಲ್ಲಿ ಇಳಿಯಬೇಕು. ಇವರಿಗೆ ಓಡುವ ಮೆಟ್ಟಿಲೆಂದರೆ ಭಯ, ಎಲ್ಲಿ ಕಾಲಿಡಬೇಕೆಂದು ತಿಳಿಯುವುದಿಲ್ಲ. ಲಿಫ್ಟಿನ ಮುಂದೆ ಮ್ಯಾಚಿನ ದಿನ ಜನ ತುಂಬಿರುತ್ತಾರೆ. ಹಾಗಾಗಿ ಎಲ್ಲ ಕಡೆಯೂ ಮಾಮೂಲಿ ಮೆಟ್ಟಿಲೇ ಗತಿ. ಹೋಗುವಾಗ ಹಗಲು, ಹೇಗೋ ಆಗುತ್ತದೆ. ಬರುವಾಗ ಕತ್ತಲಾಗಿರುತ್ತದೆ.

"ಹೋಗೋದು ನನ್ನ ಕಣ್ಣಲ್ಲಿ, ಬರೋದು ನಿನ್ನ ಕಣ್ಣಲ್ಲಿ" ಎಂದು ಅವರು ನಕ್ಕರು.

ಮ್ಯಾಚಿಗೆ ಎರಡು ವಾರ ಮುಂಚಿನ ಭಾನುವಾರ ನಾನೊಬ್ಬಳೇ ಆ ದಾರಿಯಲ್ಲಿ ಪೂರ್ತಿ ಹೋಗಿಬಂದೆ. ಬಟ್ಟೆ ಒಗೆದು, ಅವರಿಗೆ ಊಟ ಮುಚ್ಚಿಟ್ಟು, ಹಳೆಯ ನೋಟ್‌ಬುಕ್ಕು ಪೆನ್ನು ಹಿಡಿದು ಹೊರಟೆ. ಒಂದೊಂದು ಸ್ಟೇಷನ್ನಿನಲ್ಲೂ ಮೆಟ್ಟಿಲು ಎಣಿಸಿ ಬರೆದುಕೊಂಡೆ. ಎಷ್ಟು ಮೆಟ್ಟಿಲಾದ ಮೇಲೆ ಸಮತಟ್ಟು ಜಾಗ ಬರುತ್ತದೆ, ಕಂಬಿ ಯಾವ ಕೈಗೆ ಸಿಗುತ್ತದೆ, ಯಾವ ಕಡೆಗೆ ತಿರುಗಬೇಕು, ಎಲ್ಲ. ಮೆಜೆಸ್ಟಿಕ್ಕಿನಲ್ಲಿ ಎಣಿಕೆ ತಪ್ಪಿಹೋಗಿ ಮತ್ತೆ ಮೇಲೆ ಹತ್ತಿ ಇಳಿದೆ. ಸೆಕ್ಯುರಿಟಿಯವಳು ಏನಾದರೂ ಕಳೆದುಕೊಂಡಿರಾ ಮೇಡಂ ಎಂದು ಕೇಳಿದಳು. ಕ್ರೀಡಾಂಗಣದ ಹೊರಗೆ ನಮ್ಮ ಟಿಕೆಟ್ಟಿನ ಗೇಟನ್ನು ಹುಡುಕಿ, ಅಲ್ಲಿಂದ ಸ್ಟೇಷನ್ನಿಗೆ ರಸ್ತೆ ದಾಟುವ ಜಾಗ ನೋಡಿಕೊಂಡೆ. ಮ್ಯಾಚು ಮುಗಿಯಲು ಹತ್ತು ನಿಮಿಷ ಇರುವಾಗಲೇ ಎದ್ದುಬಿಟ್ಟರೆ ನೂಕುನುಗ್ಗಲು ತಪ್ಪುತ್ತದೆ ಎಂದೂ ಬರೆದುಕೊಂಡೆ. ಕಾರ್ಖಾನೆಗೂ ಆಸ್ಪತ್ರೆಗೂ ಅಲ್ಲದೆ ಬೇರೆ ಕೆಲಸಕ್ಕೆಂದು ನಾನು ಮನೆ ಬಿಟ್ಟು ಎಷ್ಟು ಕಾಲವಾಗಿತ್ತೋ. ಬಿಸಿಲಿನಲ್ಲಿ ಸುತ್ತಿದರೂ ಆಯಾಸವೇ ಆಗಲಿಲ್ಲ.

ಸಂಜೆ ಮನೆಗೆ ಬಂದವಳು ಹೆಗಲಿನ ಬ್ಯಾಗನ್ನೂ ಇಳಿಸದೆ ಎಲ್ಲವನ್ನೂ ಓದಿ ಹೇಳಿದೆ. ಇವರು ಮಂಚದ ಮೇಲೆ ಗೋಡೆಗೆ ಒರಗಿ ಕೂತು ಕೇಳಿದರು. ಮುಗಿದಾಗ, "ಇನ್ನೊಂದ್ಸಲ ಓದು" ಎಂದರು. ಮತ್ತೆ ಓದಿದೆ. ಮಾರನೆಯ ದಿನವೂ ಓದಿಸಿದರು. ಎರಡು ಮೂರು ದಿನದಲ್ಲಿ ಪೂರ್ತಿ ಬಾಯಿಪಾಠವಾಗಿತ್ತು.

ಆ ಎರಡು ವಾರ ನಾನು ಗಮನಿಸಬೇಕಾಗಿದ್ದದ್ದು ಬಹಳ ಇತ್ತು. ಟಿವಿಯ ಮುಂದೆ ಕೂರುತ್ತಿದ್ದವರು ಮಂಚದ ಮೇಲಿನಿಂದಲೇ ಕೇಳತೊಡಗಿದ್ದರು. ಗಡ್ಡ ಬೋಳಿಸುವುದನ್ನು ಬಿಟ್ಟಿದ್ದರು. ಕೆಳಗಿನ ಮನೆಯ ಓನರಮ್ಮ ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ನಿಮ್ಮೆಜಮಾನ್ರು ಯಾಕೋ ಗ್ವಾಡೆ ಇಡ್ಕಂಡು ಇಡ್ಕಂಡು ಇಳೀತವ್ರೆ ಕಣವ್ವ, ಒಸಿ ನೋಡ್ಕೊ" ಎಂದರು. ನಾನು ಇವರನ್ನು ಕೇಳಿದೆ. ಮೆಟ್ರೋಗೆ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ, ಎಣಿಸಿಕೊಂಡು ಇಳಿಯುತ್ತಿದ್ದೇನೆ ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮಾರನೆಯ ದಿನ ಅದನ್ನು ಗಾರ್ಮೆಂಟ್ಸಿನ ಲೈನಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ದಿನವಿಡೀ ಬಟ್ಟೆಯಲ್ಲಿ ತಪ್ಪು ಹುಡುಕುವ ನನ್ನ ಕಣ್ಣಿಗೆ ಮನೆಯಲ್ಲಿ ಏನೂ ಬೀಳಲಿಲ್ಲ.

ಮ್ಯಾಚಿನ ದಿನ ಹನ್ನೆರಡೂವರೆಗೇ ಊಟ ಮುಗಿಸಿ ಹೊರಟೆವು. ನಮ್ಮ ತಂಡದ ಬಣ್ಣವೆಂದು ಇವರು ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡಿದ್ದರು. ಓನರಮ್ಮ ಬಾಗಿಲಲ್ಲಿ ನಿಂತು, ಉಷಾರಾಗಿ ಓಗ್ಬನ್ನಿ ಎಂದರು. ಇವರು ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು. ಮೆಟ್ಟಿಲು ಬಂದಾಗ ನಾನು ಬಾಯಿ ಬಿಡುವ ಮೊದಲೇ ಎಣಿಕೆ ಶುರುಮಾಡುತ್ತಿದ್ದರು. ಹಗಲಾದ್ದರಿಂದ ಅವರಿಗೆ ಒಂದಿಷ್ಟು ಕಾಣುತ್ತಿದೆ ಎಂದೇ ನಾನು ನಂಬಿದ್ದೆ. ಕ್ರೀಡಾಂಗಣದ ಗೇಟಿನಲ್ಲಿ ಸೆಕ್ಯುರಿಟಿಯವರು ನೀರಿನ ಬಾಟಲಿ ಬಿಡಿಸಿದರು. ಸಕ್ಕರೆ ಇಳಿದರೆ ಬೇಕಾಗುತ್ತದೆಂದು ಗ್ಲೂಕೋಸ್ ಪೊಟ್ಟಣವನ್ನು ಮಾತ್ರ ಕೇಳಿಕೊಂಡು ಒಳಗೆ ತಂದೆ.

ನಮ್ಮ ಸೀಟುಗಳು ನಮ್ಮೂರಿನ ಅಭಿಮಾನಿಗಳ ನಡುವೆಯೇ ಇದ್ದವು. ಆದರೆ ನಮ್ಮ ಎಡಕ್ಕೆ, ಒಂದು ಕಂಬಿಯ ಆಚೆ, ಎದುರಾಳಿ ತಂಡದವರು ಸಾಲುಸಾಲಾಗಿ ತುಂಬಿದ್ದರು. ಅವರ ಡೋಲು ಎದೆಗೆ ಬಡಿಯುತ್ತಿತ್ತು. ನನಗೆ ಇವರ ಮುಖ ನೋಡುವುದರಲ್ಲೇ ಸಂತೋಷವಿತ್ತು. ಕಾಣುತ್ತಿದೆಯಾ ಎಂದು ಕೇಳಿದೆ. "ಹೂಂ, ಹಸಿರು" ಎಂದರು.

ಆಟ ಶುರುವಾಗಿ ಅರ್ಧ ಗಂಟೆಯಾಗಿರಬಹುದು. ಒಮ್ಮೆಲೇ ಎಡಗಡೆಯಿಂದ ಕಿವಿ ಕಿತ್ತುಹೋಗುವಂಥ ಕೂಗು ಎದ್ದಿತು. ಇವರು ತಟ್ಟನೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಗೋಲ್ ಗೋಲ್ ಎಂದು ಕೂಗಿದರು. ನಮ್ಮ ಸುತ್ತ ಒಬ್ಬರೂ ಎದ್ದಿರಲಿಲ್ಲ. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಗೋಲು ಹಾಕಿದ್ದು ಎದುರಾಳಿಗಳು.

ಮುಂದಿನ ಸೀಟಿನವನು ತಿರುಗಿ, "ಏನ್ ಸಾರ್, ನೀಲಿ ಶರ್ಟ್ ಹಾಕ್ಕೊಂಡು ಆ ಕಡೆ ಕೂಗ್ತಿದೀರಾ?" ಎಂದು ಸಿಡುಕಿದ. ಇನ್ನೂ ಇಬ್ಬರು ತಿರುಗಿ ನೋಡಿದರು. ಇವರ ಕೈ ಮೇಲೆಯೇ ಇತ್ತು. ಮುಖದ ನಗು ನಿಧಾನವಾಗಿ ಇಳಿಯಿತು. ಮಾತಾಡಿದವನ ಕಡೆ ತಿರುಗಬೇಕಾಗಿದ್ದವರು ಬೇರೆ ಯಾವುದೋ ಕಡೆಗೆ ತಿರುಗಿ, ಸಾರಿ ಸಾರಿ ಎಂದರು. ನಾನು ಅವರ ಅಂಗಿಯ ತುದಿ ಹಿಡಿದು ಕೂರಿಸಿದೆ. ಆ ಹುಡುಗನಿಗೆ ಅರ್ಥವಾಗಿರಬೇಕು, ಆಮೇಲೆ ತಿರುಗಲಿಲ್ಲ.

ಎರಡು ಬಣ್ಣದ ಅಂಗಿ ತಿಳಿದರೆ ಸಾಕು ಎಂದಿದ್ದರು. ಅದು ತಿಳಿದಿದ್ದರೆ ಅವರು ಹಾಗೆ ಏಳುತ್ತಿರಲಿಲ್ಲ.

"ಎಷ್ಟು ದಿನ ಆಯ್ತ್ರೀ?" ಎಂದೆ.

"ನೀನು ಮೆಟ್ಲು ಎಣಿಸೋಕೆ ಹೋಗಿದ್ಯಲ್ಲ, ಅವತ್ತು ಮಧ್ಯಾಹ್ನ."

ಊಟಕ್ಕೆ ಕೂತಿದ್ದರಂತೆ. ಕಣ್ಣ ಮುಂದೆ ಮೊದಲು ಕಪ್ಪು ದಾರಗಳಂಥವು ತೇಲಿದವು, ಆಮೇಲೆ ಕೆಂಪಾಯಿತು, ಆಮೇಲೆ ಏನೂ ಇಲ್ಲ. ಹಾಗೇನಾದರೂ ಆದರೆ ಅದೇ ದಿನ ಬರಬೇಕು ಎಂದು ಕಣ್ಣಿನ ಡಾಕ್ಟರಮ್ಮ ನಮ್ಮಿಬ್ಬರಿಗೂ ಎಷ್ಟು ಸಲ ಹೇಳಿದ್ದರು. ನಾನು ಎದ್ದುನಿಂತು, ಈಗಲೇ ಆಸ್ಪತ್ರೆಗೆ ಹೋಗೋಣ ಎಂದೆ. ಭಾನುವಾರ ಯಾರಿರುತ್ತಾರೆ ಎಂದರು. ಎಮರ್ಜೆನ್ಸಿಗೆ ಹೋಗೋಣ ಎಂದೆ. ಅವರು ನನ್ನ ಕೈ ಹಿಡಿದು ಕೆಳಗೆ ಎಳೆದರು.

"ಎರಡು ವಾರ ಹೋಗಿದೆ. ಇನ್ನೊಂದು ಗಂಟೆ ಕೂತ್ಕೊ. ಬಾಲ್ ಎಲ್ಲಿದೆ ಹೇಳು."

ಆಗ ನಾನು ಅವರನ್ನು ಎಳೆದುಕೊಂಡು ಹೋಗಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಕೂತೆ. ಹೇಳತೊಡಗಿದೆ. ನನಗೆ ಆಟದ ಮಾತುಗಳು ಗೊತ್ತಿರಲಿಲ್ಲ. ನಮ್ಮೋನೊಬ್ಬ ಜುಟ್ಟು ಕಟ್ಟಿದೋನು ಆ ಕಡೆ ಗೆರೆ ಪಕ್ಕ ಓಡ್ತಿದಾನೆ, ಅವರೋನು ಅಡ್ಡ ಬಂದ, ಬಾಲು ಹೊರಗೆ ಹೋಯ್ತು ಎಂದು ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳುತ್ತಿದ್ದೆ. ನಾನು ಒಂದು ಹೇಳುವಷ್ಟರಲ್ಲಿ ಅಲ್ಲಿ ಮೂರು ನಡೆದಿರುತ್ತಿತ್ತು. ಅವರು ತಲೆಯಾಡಿಸುತ್ತಿದ್ದರು. ನನ್ನ ದನಿ ಒಡೆದಾಗ ನನ್ನ ಕೈಯನ್ನು ಒತ್ತಿ, ಮುಂದೆ ಎನ್ನುತ್ತಿದ್ದರು.

ಬರೆದುಕೊಂಡಿದ್ದಂತೆಯೇ ಹತ್ತು ನಿಮಿಷ ಮುಂಚೆ ಎದ್ದೆವು. ರಸ್ತೆ ದಾಟುವಾಗ ಹಿಂದಿನಿಂದ ಮತ್ತೊಂದು ದೊಡ್ಡ ಕೂಗು ಕೇಳಿಸಿತು. ಇಬ್ಬರೂ ನಿಂತೆವು. ಯಾರ ಗೋಲೆಂದು ಇಬ್ಬರಿಗೂ ತಿಳಿಯಲಿಲ್ಲ.

ಮೆಜೆಸ್ಟಿಕ್ಕಿನವರೆಗೂ ಅವರ ಎಣಿಕೆ ಸರಿಯಾಗಿತ್ತು. ಆರ್.ವಿ. ರೋಡಿನಲ್ಲಿ ನಾನು ತಪ್ಪಿದ್ದೆ. ಹತ್ತುವಾಗಿನ ಲೆಕ್ಕವನ್ನಷ್ಟೇ ಬರೆದುಕೊಂಡಿದ್ದೆ, ಇಳಿಯುವ ಬದಿಯಲ್ಲಿ ಹೆಚ್ಚಿಗೆ ಇದ್ದ ಮೂರು ಮೆಟ್ಟಿಲು ಬಿಟ್ಟುಹೋಗಿದ್ದವು. ಮುಗಿಯಿತೆಂದು ಕಾಲಿಟ್ಟವರು ಮುಗ್ಗರಿಸಿ ಮಂಡಿಯೂರಿ ಬಿದ್ದರು. ಜನ ಎತ್ತಿ ನಿಲ್ಲಿಸಿದರು. ಪ್ಯಾಂಟು ಹರಿದು ಮಂಡಿಯಿಂದ ರಕ್ತ ಬರುತ್ತಿತ್ತು. ರೈಲಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು. ನಾನು ಅವರ ಮುಂದೆ ನಿಂತು ಬೊಮ್ಮಸಂದ್ರದವರೆಗೂ ಅತ್ತೆ. ಎಲ್ಲರೂ ನೋಡುತ್ತಿದ್ದರು. ಇವರಿಗೆ ಕಾಣದಿದ್ದರೂ ತಿಳಿದಿತ್ತು.

ಮಾರನೆಯ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು, ಸ್ಕ್ಯಾನ್ ಮಾಡಿಸಿದರು. ಎಷ್ಟು ದಿನವಾಯಿತು ಎಂದು ಕೇಳಿದಾಗ ಇವರೇ ಹೇಳಿದರು, ಹದಿನೈದು ಎಂದು. ಆಕೆ ಪೆನ್ನನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು. ಕಣ್ಣೊಳಗೆ ರಕ್ತ ತುಂಬಿದೆ, ಅದರ ಹಿಂದೆ ರೆಟಿನಾ ಪರದೆ ಎಳೆತಕ್ಕೆ ಕಿತ್ತು ಬಂದಿದೆ ಎಂದರು.

"ಅವತ್ತೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತೇನೋ ಅಮ್ಮ. ಖಂಡಿತ ಅಂತ ನಾನು ಹೇಳಲ್ಲ."

ಆಪರೇಷನ್ ಮಾಡಿದರು. ಬೆಳಕು ಬರಲಿಲ್ಲ. ಎರಡನೇ ಸಲ ಮಾಡುವುದರಿಂದ ಪ್ರಯೋಜನವಿಲ್ಲ ಎಂದರು.

ಒಂದು ತಿಂಗಳು ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದೆ, ಇನ್ಸುಲಿನ್ ಕೊಡುತ್ತಿದ್ದೆ, ಅಷ್ಟೆ. ಒಂದು ಬೆಳಿಗ್ಗೆ ತಡೆಯಲಾರದೆ, ಒಂದು ಆಟಕ್ಕೋಸ್ಕರ ಕಣ್ಣು ಕಳ್ಕೊಂಡ್ರಲ್ಲ ಎಂದು ಕೂಗಾಡಿದೆ. ಅವರು ಕಾಫಿ ಲೋಟ ಹಿಡಿದು ಕೂತಿದ್ದರು.

"ಆಟಕ್ಕಲ್ಲ ಕಣೇ. ಅವತ್ತು ನೀನು ಬಂದಾಗ ಹೇಳ್ಬೇಕು ಅಂತಲೇ ಕಾಯ್ತಿದ್ದೆ. ನೀನು ಬಾಗಿಲಲ್ಲೇ ಶುರು ಹಚ್ಕೊಂಡೆ, ಅಲ್ಲಿ ಇಷ್ಟು ಮೆಟ್ಲು, ಇಲ್ಲಿ ಇಷ್ಟು ಅಂತ. ನಿನ್ನ ದನಿ ಹಂಗೆ ಕೇಳಿ ಎಷ್ಟು ವರ್ಷ ಆಗಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆನೂ ಆಗ್ಲಿಲ್ಲ."

ಬಸ್ಸಿಗೆ ಹೊತ್ತಾಗಿತ್ತು, ಹೊರಟೆ. ದಾರಿಯಲ್ಲಿ ಒಂದೇ ಯೋಚನೆ. ಆ ಸಂಜೆ ನಾನು ಅಷ್ಟು ಖುಷಿಯಲ್ಲಿ ಬರದೆ, ದಿನದಂತೆ ಸುಸ್ತಾಗಿ ಬಂದು ಚೀಲ ಎಸೆದು ಕೂತಿದ್ದರೆ, ಅವರು ಹೇಳಿರುತ್ತಿದ್ದರು. ಇದನ್ನು ನಾನು ಅವರಿಗೆ ಹೇಳಿಲ್ಲ. ಡಾಕ್ಟರಮ್ಮ ಅಂದ ಆ 'ಮಾಡಬಹುದಿತ್ತೇನೋ' ಎಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದೇವೆ.

ಈಗ ಅದಾಗಿ ಕೆಲವು ತಿಂಗಳಾಗಿವೆ. ಅವರು ಕೋಲು ಹಿಡಿದು ಕೆಳಗಿಳಿದು, ಓನರಮ್ಮನ ಜಗಲಿಯಲ್ಲಿ ಒಂದಿಷ್ಟು ಹೊತ್ತು ಕೂತು, ಹೊತ್ತು ಮುಳುಗುವ ಮೊದಲು ಮೇಲೆ ಹೋಗುತ್ತಾರೆ. ನಾನು ಕೆಲಸ ಮುಗಿಸಿ ಚಂದಾಪುರದಲ್ಲಿ ಬಸ್ಸಿಳಿದು ನಡೆದು ಬರುವಾಗ ನಮ್ಮ ರಸ್ತೆಯ ಎಲ್ಲ ಮನೆಗಳಲ್ಲೂ ದೀಪ ಹತ್ತಿರುತ್ತದೆ, ನಮ್ಮ ಕಿಟಕಿಯೊಂದು ಕತ್ತಲಾಗಿರುತ್ತದೆ. ಲೈಟು ಹಾಕಿಕೊಂಡು ಕೂತಿರಿ ಎಂದು ಮೊದಮೊದಲು ಹೇಳುತ್ತಿದ್ದೆ. "ಯಾತಕ್ಕೆ?" ಎಂದು ಕೇಳಿದರು, ಕೋಪದಿಂದಲ್ಲ, ನಿಜವಾಗಿ ತಿಳಿಯದೆ ಕೇಳುವವರ ಹಾಗೆ. ಈಗ ಹೇಳುವುದಿಲ್ಲ. ಬಾಗಿಲು ತೆರೆದು, ಬಂದೆ ಎಂದು ದನಿ ಕೊಟ್ಟು, ನಾನೇ ಹಾಕುತ್ತೇನೆ.