ಕೆಮ್ಮು ಬಿಟ್ಟ ದನಿ

ನನಗೆ ಹಾಡಲು ಬರುವುದಿಲ್ಲ. ರಂಗೋಲಿ ಹಾಕಿದರೆ ಒಂದು ಗೆರೆಗೂ ಇನ್ನೊಂದಕ್ಕೂ ಜಗಳ. ಬರುವುದೊಂದೇ, ಮಂದಿಯ ದನಿ ತೆಗೆಯುವುದು. ನವಲಗುಂದದ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ‘ಮುಂದ ಸರೀರಿ’ ಅನ್ನುವುದು, ಉಳ್ಳಾಗಡ್ಡಿ ಮಾರುವವನ ಟಂಟಂ ಗಾಡಿಯ ಮೈಕು, ಮಹಿಳಾ ಸಂಘದಲ್ಲಿ ಭಾಷಣ ಮಾಡುವ ಮೇಡಮ್ಮಿನ ಉಸಿರು, ಯಾವುದೇ ಇರಲಿ, ಒಮ್ಮೆ ಕಿವಿಗೆ ಬಿದ್ದರೆ ಗಂಟಲಿಗೆ ಇಳಿದುಬಿಡುತ್ತದೆ. ಬಸುರಿಗೆ ಕುಬಸ ಮಾಡುವ ಮನೆಗಳಲ್ಲಿ ಆರತಿ ಮುಗಿದ ಮೇಲೆ ಹೆಂಗಸರು ನನ್ನನ್ನು ನಡುವೆ ಕೂರಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇದರಿಂದ ನಾನು ಗಳಿಸಿದ್ದು ಎಲೆ ಅಡಿಕೆ ಮತ್ತು ಬಾಯಿಬಡಕಿ ಎಂಬ ಹೆಸರು.

ಎಲ್ಲಕ್ಕಿಂತ ಚಲೋ ಬರುತ್ತಿದ್ದದ್ದು ನನ್ನ ಅತ್ತೆಯ ದನಿ. ನಮ್ಮ ಮನೆ ತಿರ್ಲಾಪುರದ ಕಡೆಯ ಒಂದು ಹಳ್ಳಿಯಲ್ಲಿದೆ. ಹಿತ್ತಲ ಬಾಗಿಲು ತೆರೆದರೆ ಕಣ, ಕಣದ ಅಂಚಿಗೆ ಬೇವಿನ ಗಿಡ, ಅದರ ಬುಡದಲ್ಲಿ ಎತ್ತುಗಳ ಜೊತೆ ಮಾವ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಯುತ್ತಲೇ ಅತ್ತೆ ಹಿತ್ತಲ ಹೊಸ್ತಿಲ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಒಂದು ಸಣ್ಣ ಕೆಮ್ಮು ಕೆಮ್ಮಿ ಕೂಗುತ್ತಿದ್ದರು.

“ರೊಟ್ಟಿ ಆರಾಕತ್ತಾವ! ಆಮ್ಯಾಲ ಯಾರೂ ನನಗ ಅನ್ನಂಗಿಲ್ಲ!”

ಗಂಡನ ಹೆಸರು ಹಿಡಿಯಬಾರದಲ್ಲ, ಅದಕ್ಕೇ ಆ ಕೂಗಿನಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಎತ್ತಿಗೋ ಗಿಡಕ್ಕೋ ಹೇಳಿದ ಹಾಗೆ. ಆದರೆ ಮಾವ ಏಳುತ್ತಿದ್ದರು. “ಬಂದ್ನಿ ತಡಿ, ಎಷ್ಟ ಒದರ್ತಿ” ಅನ್ನುತ್ತಲೇ ಬಂದು ಕಾಲು ತೊಳೆದುಕೊಂಡು ತಾಟಿನ ಮುಂದೆ ಕೂರುತ್ತಿದ್ದರು. ಉಂಡಾದ ಮೇಲೆ ತಾಟಿನ ಅಂಚಿಗೆ ಒಂದು ರೊಟ್ಟಿ ಉಳಿಸಿ, ಬಚ್ಚಲಿಗೆ ಹೋಗಿ ಕೈ ತೊಳೆಯುತ್ತಿದ್ದರು. ಅದೇ ತಾಟಿನಲ್ಲಿ ಅತ್ತೆ ಉಣ್ಣುತ್ತಿದ್ದರು. ಹೊಸದಾಗಿ ಬಂದಾಗ ನನಗೆ ಇದನ್ನು ಕಂಡರೆ ಸಿಟ್ಟು. ಎಂಜಲು ತಾಟು ಯಾಕೆ, ಬೇರೆ ತಾಟಿಲ್ಲವೇ ಅಂತ. ಅತ್ತೆ ಮಾತ್ರ ಆ ರೊಟ್ಟಿಯನ್ನೇ ಮೊದಲು ಮುರಿಯುತ್ತಿದ್ದರು.

ಬಾಜೂ ಮನೆಯ ಆಪಾ ಬ್ಲೌಸ್ ಹೊಲಿಯುತ್ತಾರೆ. ನನ್ನ ಅಣಕಕ್ಕೆ ಅವರೇ ಮೊದಲ ಪ್ರೇಕ್ಷಕರು. ಒಂದಿನ ಅವರ ಪಡಸಾಲೆಯಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಅತ್ತೆಯ ಕೂಗು ಕೂಗಿದೆ. ಆಪಾ ನಗಲಿಲ್ಲ. ಅವರ ಕಣ್ಣು ನನ್ನ ಹಿಂದೆ ನೆಟ್ಟಿತ್ತು. ತಿರುಗಿದರೆ ಬಾಗಿಲಲ್ಲಿ ಅತ್ತೆ! ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

“ಕೆಮ್ಮು ಬಿಟ್ಟಿ ನೋಡ” ಅಂದರು ಅತ್ತೆ. “ನಾ ಮೊದಲ ಕೆಮ್ಮತೀನಿ, ಆಮ್ಯಾಲ ಒದರತೀನಿ. ಇನ್ನೊಮ್ಮೆ ಮಾಡ.”

ಮಾಡಿದೆ. ಅವರು ತಲೆ ಓರೆ ಮಾಡಿ ಕೇಳಿದರು. “ಈಗ ಬರೋಬರಿ ಆತು” ಅಂದು, ತಾವು ಬಂದ ಕೆಲಸ ಮರೆತು, ಹೋಗಿಬಿಟ್ಟರು.

ಹೋದ ವರ್ಷ ಹಿಂಗಾರಿ ಜೋಳ ಎದೆಮಟ್ಟ ಬಂದಿದ್ದಾಗ ಅತ್ತೆ ತೀರಿಕೊಂಡರು. ಮಣ್ಣು ಕೊಡುವುದು, ದಿನ ಮಾಡುವುದು, ಎಲ್ಲ ಮುಗಿದು ಬಂದವರು ಹೊರಟ ಮೇಲೆ ಮನೆಯಲ್ಲಿ ಒಂದು ವಿಚಿತ್ರ ತೊಡಕು ಎದ್ದಿತು. ಮಾವನನ್ನು ಊಟಕ್ಕೆ ಕರೆಯುವವರು ಯಾರು? ನನ್ನ ಗಂಡ ಹಾಲಿನ ಗಾಡಿ ಹೊಡೆಯುತ್ತಾರೆ, ಮಧ್ಯಾಹ್ನ ಮನೆಯಲ್ಲಿರುವುದಿಲ್ಲ. ಮಕ್ಕಳು ಸಾಲಿಗೆ. ಉಳಿದವಳು ನಾನು. ಸೊಸೆ ಮಾವನ ಎದುರು ದನಿ ಎತ್ತುವುದು ನಮ್ಮ ಮನೆಯಲ್ಲಿ ಇಲ್ಲ. ಕೂಗಿ ಕರೆಯುವುದಂತೂ ದೂರದ ಮಾತು. ಮೊಬೈಲಿನಲ್ಲಿ ದಿನಾ ರೀಲ್ಸ್ ನೋಡುವವಳಿಗೆ ಇದೆಂಥ ಮರ್ಯಾದೆ ಅಂತ ನೀವು ನಗಬಹುದು. ನಗ್ರಿ. ಮದುವೆಯಾದಾಗಿನಿಂದ ಮಾವ ನನ್ನ ಜೊತೆ, ನಾನು ಮಾವನ ಜೊತೆ ನೇರ ಮಾತಾಡಿದ್ದೇ ಇರಲಿಲ್ಲ. ಎಲ್ಲ ಅತ್ತೆಯ ಮೂಲಕ ಹೋಗಿ ಬರುತ್ತಿತ್ತು.

ಮೊದಲ ದಿನಗಳಲ್ಲಿ ಹೊಸ್ತಿಲಿಗೆ ತಂಬಿಗೆ ಬಡಿದು ಸಪ್ಪಳ ಮಾಡಿದೆ. ಮಾವ ತಲೆ ಎತ್ತಲಿಲ್ಲ. ಸಂಜೆ ಮಕ್ಕಳು ಬಂದು ಕೈ ಹಿಡಿದು ಎಳೆದಾಗ ಎರಡು ತುತ್ತು ತಿಂದರು. ಹೀಗೇ ನಡೆದು, ಮೈಮೇಲಿನ ಅಂಗಿ ಜೋಲತೊಡಗಿತು. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಸಿಟ್ಟೋ, ಅಳುವೋ, ಅದೇನು ಅಂತ ಈಗಲೂ ಗೊತ್ತಿಲ್ಲ. ಹೊಸ್ತಿಲ ಮೇಲೆ ನಿಂತೆ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕೆಮ್ಮಿದೆ.

“ರೊಟ್ಟಿ ಆರಾಕತ್ತಾವ! ಆಮ್ಯಾಲ ಯಾರೂ ನನಗ ಅನ್ನಂಗಿಲ್ಲ!”

ಎತ್ತುಗಳು ಮೊದಲು ತಿರುಗಿ ನೋಡಿದವು. ಆಮೇಲೆ ಮಾವ ಎದ್ದರು. “ಬಂದ್ನಿ ತಡಿ, ಎಷ್ಟ ಒದರ್ತಿ.”

ನಾನು ಒಳಗೆ ಓಡಿ ಬಾಗಿಲ ಮರೆಗೆ ನಿಂತೆ. ಮಾವ ಬಂದು ಉಂಡರು, ತಾಟಿನ ಅಂಚಿಗೆ ಒಂದು ರೊಟ್ಟಿ ಉಳಿಸಿ ಬಚ್ಚಲಿಗೆ ಹೋದರು. ಆ ರೊಟ್ಟಿಯನ್ನು ಏನು ಮಾಡಬೇಕೋ ತಿಳಿಯದೆ ಆಕಳಿಗೆ ಹಾಕಿದೆ.

ಅಂದಿನಿಂದ ದಿನವೂ ಹಾಗೇ. ಒಂದು ಕೂಗು, ಒಂದು ಉತ್ತರ, ಒಂದು ರೊಟ್ಟಿ. ಈ ವಿಷಯ ಗಂಡನಿಗೂ ಹೇಳಲಿಲ್ಲ. ಮಾವನಿಗೆ ಗೊತ್ತಿತ್ತೇ? ಅಷ್ಟು ಶಾಣ್ಯಾ ಮನುಷ್ಯರಿಗೆ ಗೊತ್ತಿರದೆ ಇರುತ್ತದೆಯೇ? ಆದರೂ ಅವರು ಬರುವಾಗ, ನಾನು ಮರೆಗೆ ಸರಿದ ಮೇಲೆ ಖಾಲಿಯಾದ ಹೊಸ್ತಿಲ ಕಡೆ ಒಂದು ಸಲ ನೋಡಿಯೇ ಒಳಗೆ ಬರುತ್ತಿದ್ದರು. ನನಗೂ ಆ ಹೊಸ್ತಿಲ ಮೇಲೆ ನಿಂತರೆ ಬೆನ್ನಿಗೆ ಯಾರದೋ ಉಸಿರು ತಾಗಿದ ಹಾಗೆ ಆಗುತ್ತಿತ್ತು. ಬರಬರುತ್ತ ನನ್ನ ಬಲ ಮೊಣಕಾಲು ನೋಯತೊಡಗಿತು, ಅತ್ತೆಗೆ ನೋಯುತ್ತಿದ್ದದ್ದೂ ಅದೇ ಕಾಲು. ಒಮ್ಮೆ ಬಿರುಬಿಸಿಲಿನಲ್ಲಿ ಕೂಗಿ ಮುಗಿಸಿದ ಮೇಲೆ ನನ್ನ ಬಾಯಿಂದ ಇನ್ನೊಂದು ಮಾತು ಬಂತು, “ತಲಿಗೆ ಟಾವೆಲ್ ಸುತಗೊಂಡ ಬರಬೇಕು!” ಅದನ್ನು ನಾನು ಅನ್ನಬೇಕು ಅಂದುಕೊಂಡಿರಲಿಲ್ಲ. ಮಾವ ಟಾವೆಲ್ ಸುತ್ತಿಕೊಂಡು ಬಂದರು. ಹೆದರಿಕೆಯಾಯಿತು, ಖರೆ. ಆದರೆ ಅದಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ಮನೆಯಲ್ಲಿ ಹಿರಿಯರಿದ್ದಾರೆ ಅನ್ನುವಂಥ ಸಮಾಧಾನ.

ಇಷ್ಟರಲ್ಲಿ ಆಪಾ ಒಂದು ಸುದ್ದಿ ತಂದರು. ಅವರ ತಮ್ಮ ಬಾಡಿಗೆ ಗಾಡಿ ಓಡಿಸುವವ. ಅವನ ಗಾಡಿ ಹಿಡಿದು ಬೆಂಗಳೂರಿನಿಂದ ಟೀವಿ ಜಾಹೀರಾತು ತೆಗೆಯುವವರು ಬಂದಿದ್ದರು. ಶಲವಡಿಯ ಅರಮನೆಯಂಥ ಒಂದು ಹಳೆಯ ವಾಡೆಯಲ್ಲಿ ಶೂಟಿಂಗು. ಖಾರಪುಡಿಯ ಜಾಹೀರಾತು. ಮಾಳಿಗೆ ಮೇಲೆ ನಿಂತು ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವ ಹಳ್ಳಿ ಹೆಂಗಸು ಬೇಕಂತೆ.

“ಏ ವೈನಿ, ನಿನ್ನ ಬಿಟ್ರ ಯಾರದಾರ? ನಡಿ ಹೋಗೂಣು” ಅಂದರು ಆಪಾ.

ಆಸೆ ಹುಟ್ಟಿತು. ಬಾಯಿಬಡಕಿ ಅನ್ನಿಸಿಕೊಂಡವಳ ಬಾಯಿ ಟೀವಿಯಲ್ಲಿ ಬರಲಿ ಅನ್ನುವ ಆಸೆ. ಇನ್ನೊಂದೂ ಇತ್ತು, ಅದನ್ನು ಆಪಾಗೆ ಹೇಳಲಿಲ್ಲ. ಅತ್ತೆಯ ಫೋಟೋ ಗೋಡೆಯ ಮೇಲಿದೆ, ದನಿ ಮಾತ್ರ ಯಾರ ಫೋನಿನಲ್ಲೂ ಇಲ್ಲ. ಇದ್ದದ್ದು ನನ್ನ ಗಂಟಲಲ್ಲಿ ಮಾತ್ರ. ನನಗೊಂದು ಥಂಡಿ ಹಿಡಿದರೆ ಹೋದೀತು. ಟೀವಿಯಲ್ಲಿ ಬಂದರೆ ಉಳಿದೀತು ಅಂದುಕೊಂಡೆ.

ಒಂದು ರವಿವಾರ ಗಾಡಿಗೆ ರಜೆ ಹಾಕಿಸಿ, ಮಾವನ ಊಟವನ್ನು ಗಂಡನಿಗೆ ಒಪ್ಪಿಸಿ, ಆಪಾನ ಜೊತೆ ಬಸ್ಸು ಹತ್ತಿದೆ. ವಾಡೆಯ ಅಂಗಳದಲ್ಲಿ ಇಳಕಲ್ ಸೀರೆ ಉಟ್ಟ ಹೆಂಗಸರ ಸಾಲೇ ಇತ್ತು. ನನ್ನ ಪಾಳಿ ಬಂದಾಗ ಮಾಳಿಗೆ ಹತ್ತಿಸಿದರು. ಕ್ಯಾಮೆರಾದ ಹಿಂದೆ ಕುಳ್ಳಗಿನ ಒಬ್ಬ ಹುಡುಗಿ, ಎಲ್ಲರೂ ಅವಳ ಮಾತೇ ಕೇಳುತ್ತಿದ್ದರು. ನಾನು ಸೊಂಟಕ್ಕೆ ಕೈ ಕೊಟ್ಟು, ಕೆಮ್ಮಿ, ಅತ್ತೆಯ ಕೂಗು ಕೂಗಿದೆ. ಕೆಳಗೆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಮುದುಕ ಥಟ್ಟನೆ ನಿಂತು ಮೇಲೆ ನೋಡಿದ.

“ಅಬ್ಬಾ! ಎಷ್ಟು ಒರಿಜಿನಲ್ ಆಗಿದೆ ಅಮ್ಮಾ!” ಅಂದಳು ಹುಡುಗಿ. “ಆ ಕೆಮ್ಮು ಮಾತ್ರ ಬೇಡ. ಖಾರದ ಪುಡಿ ಆ್ಯಡ್ ಅಲ್ವಾ, ಕೆಮ್ಮಿದ್ರೆ ಜನ ಹೆದರ್ಕೋತಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಖರೇನೇ ಆಗಿತ್ತು. ಕೆಮ್ಮು ಬಿಟ್ಟು ಕೂಗಿದೆ.

“ಸ್ವಲ್ಪ ಸಿಟ್ಟು ಕಮ್ಮಿ ಮಾಡಿ. ಬೈದ ಹಾಗಿದೆ.” ಸಿಟ್ಟು ತೆಗೆದೆ. “‘ಯಾರೂ ನನಗೆ ಅನ್ನಂಗಿಲ್ಲ’ ಬೇಡ, ‘ಬರ್ರೀ’ ಅನ್ನಿ.” ಅಂದೆ. “ಕೈ ಸೊಂಟದ ಮೇಲೆ ಬೇಡ.” ಇಳಿಸಿದೆ. “ಕೊನೇಲಿ ಒಂದು ನಗು ಬರಲಿ, ಮಲ್ಲಿಗೆ ಹೂವಿನ ಥರ.” ಮಲ್ಲಿಗೆಗೂ ರೊಟ್ಟಿಗೂ ಏನು ಸಂಬಂಧವೋ, ನಗುವನ್ನೂ ತಂದೆ. ಹೇಳಿದ್ದನ್ನು ಗಂಟಲಿಗೆ ಇಳಿಸಿಕೊಳ್ಳುವುದರಲ್ಲಿ ನಾನು ಅಗದಿ ಚುರುಕು, ಅದೇ ನನಗೆ ಮುಳುವಾಯಿತು. ಹೊತ್ತು ಏರುವವರೆಗೆ ಕೂಗಿದೆ. ಕಡೆಗೆ ಹುಡುಗಿ ಚಪ್ಪಾಳೆ ತಟ್ಟಿದಳು. “ಇದೇ! ಇದೇ ನಮ್ಮ ಅಮ್ಮ!” ಫೋನ್ ಮಾಡುತ್ತೇವೆ ಅಂದು ಚಹಾ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಆಪಾ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ಹೇಗಾಯಿತು ಅಂತ ಕೇಳಿದ್ದಕ್ಕೆ, “ಚಲೋನ ಮಾಡ್ದಿ. ಆದ್ರ ಕಡೀಕ ಮಾಡಿದ್ದು ಯಾರ ದನಿ ಬೇ ಅದು?” ಅಂದರು. ಹೊಟ್ಟೆಕಿಚ್ಚು ಅಂದುಕೊಂಡೆ.

ಮರುದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗಲೇ ಫೋನು ಬಂತು. ಆರಿಸಿದ್ದಾರಂತೆ. ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಅಡುಗೆ ಮನೆಯಲ್ಲಿ ಒಂದು ಸುತ್ತು ತಿರುಗಿದೆ. ಹಿಗ್ಗಿನಲ್ಲೇ ಹಿತ್ತಲ ಹೊಸ್ತಿಲಿಗೆ ಹೋಗಿ ಮಾವನನ್ನು ಕರೆದೆ.

“ರೊಟ್ಟಿ ಆರಾಕತ್ತಾವ, ಬರ್ರೀ...”

ಕೊನೆಗೆ ಒಂದು ನಗು ಬೇರೆ ಬಂತು.

ಎತ್ತುಗಳು ಮೇವಿನಿಂದ ಮುಖ ಎತ್ತಲಿಲ್ಲ. ಮಾವ ಎದ್ದು ನಿಂತರು, ಆದರೆ ಬರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಮನೆಯ ಕಡೆ ನೋಡಿದರು. ಆಮೇಲೆ, ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ, ನನಗೇ ಅಂತ ಮಾತಾಡಿದರು.

“ಯಾರ ಬಂದಾರ ನೋಡವಾ. ಯಾರೋ ಪರ ಊರ ಹೆಣ್ಮಗಳು ಕರದಂಗಾತು.”

ಕೈ ಸೊಂಟಕ್ಕೆ ಇಟ್ಟೆ, ಕೆಮ್ಮಿದೆ, ಮತ್ತೆ ಕೂಗಿದೆ. ಕೆಮ್ಮು ನಾಟಕದ ಕೆಮ್ಮಾಯಿತು. ಕೂಗಿನ ತುದಿಗೆ ಆ ಹುಡುಗಿಯ ಮಲ್ಲಿಗೆ ಅಂಟಿಕೊಂಡೇ ಬಂತು. ಇನ್ನೊಮ್ಮೆ ಕೂಗಿದೆ, ಇನ್ನೂ ಕೆಟ್ಟಿತು. ಅತ್ತೆ ನಿಜವಾಗಿ ಹೇಗೆ ಕೂಗುತ್ತಿದ್ದರು ಅಂತ ನೆನೆಸಿಕೊಂಡರೆ ಕಿವಿಯೊಳಗೂ ಖಾರಪುಡಿಯ ಹೆಂಗಸೇ ಕೂಗುತ್ತಿದ್ದಳು. ಬೆನ್ನಿಗೆ ತಾಗುತ್ತಿದ್ದ ಉಸಿರೂ ಇರಲಿಲ್ಲ. ಹಿಂದೆ ತಿರುಗಿ ನೋಡಿದೆ. ಖಾಲಿ ಅಡುಗೆ ಮನೆ, ಹಂಚಿನ ಮೇಲೆ ಹೊತ್ತುತ್ತಿದ್ದ ರೊಟ್ಟಿ. ಅತ್ತೆ ಸತ್ತಾಗ ಬಾರದಿದ್ದ ಅಳು ಆಗ ಬಂತು.

ಮಾವ ಇನ್ನೂ ಬೇವಿನ ಗಿಡದ ಬುಡದಲ್ಲೇ ನಿಂತಿದ್ದರು. ಕಣ್ಣೊರಸಿಕೊಂಡು, ಸೆರಗು ಸರಿಮಾಡಿಕೊಂಡು ನನ್ನ ದನಿಯಲ್ಲಿ ಕರೆದೆ. ನನ್ನದೇ ದನಿ ನನಗೇ ಪರಕೀಯವಾಗಿತ್ತು.

“ಮಾವಾರ, ನಾನ್ರಿ ಕರದಾಕಿ. ಊಟಕ್ಕ ಬರ್ರಿ.”

ಅವರು ಹೆಗಲ ಮೇಲಿನ ಟಾವೆಲ್ ಜಾಡಿಸಿದರು. ಆಮೇಲೆ “ಹೂಂ” ಅಂದರು, ಬಂದರು. ಕಾಲು ತೊಳೆದುಕೊಂಡರು. ಹೊಸ್ತಿಲು ದಾಟುವಾಗ ದಿನಾ ನೋಡುವ ಹಾಗೆ ನೋಡಲಿಲ್ಲ. ಬಡಿಸಿದ್ದನ್ನು ತಲೆ ಬಗ್ಗಿಸಿ ಉಂಡರು. ನಾನು ಬಾಗಿಲ ಮರೆಯಿಂದ ಅವರ ತಾಟನ್ನೇ ನೋಡುತ್ತಿದ್ದೆ. ಕಡೆಯ ರೊಟ್ಟಿಗೆ ಕೈ ಹೋಯಿತು. ತುಸು ಹೊತ್ತು ಅದನ್ನು ಹಿಡಿದುಕೊಂಡೇ ಕೂತರು. ಆಮೇಲೆ ಮುರಿದು, ಪಲ್ಲೆಗೆ ಒತ್ತಿ, ಅದನ್ನೂ ತಿಂದರು.

ಬಚ್ಚಲಿಗೆ ಹೋಗದೆ, ತಂಬಿಗೆ ಎತ್ತಿ ತಾಟಿನಲ್ಲೇ ಕೈ ತೊಳೆದುಬಿಟ್ಟರು. ಅವರು ಕಣಕ್ಕೆ ಹೋದ ಮೇಲೆ ತಾಟು ಎತ್ತಲು ಬಂದೆ. ಅದರಲ್ಲಿ ನೀರಿನ ಹೊರತು ಏನೂ ಇರಲಿಲ್ಲ.