ಗೋಡೆಯಲ್ಲಿ ಕಂಡ ಬಾಗಿಲು

ಬೇಸಿಗೆ ಬಂತೆಂದರೆ ನನ್ನ ಒಳಮನೆ ಕುದಿಯುವ ಗಡಿಗೆ. ಮಗ ಮೊದಲು ಫ್ಯಾನು ತಂದ, ಅದು ಬಿಸಿ ಗಾಳಿಯನ್ನೇ ತಿರುವಿ ತಿರುವಿ ಕೊಟ್ಟಿತು. ಆಮೇಲೆ ಕೂಲರ್ ತಂದ, ಹಾಸಿಗೆಯೆಲ್ಲ ತೇವ ಹಿಡಿಯಿತು. ಕೊನೆಗೆ, "ಅವ್ವಾ, ಪಡಸಾಲ್ಯಾಗ ಮಲಕೋ" ಎಂದ. ಬಂದವರು ಹೋದವರೆಲ್ಲ ನನ್ನ ಗೊರಕೆ ಕೇಳಬೇಕೇ? ಒಲ್ಲೆ ಎಂದೆ.

ಆಗಲೇ, ಹಳೆ ಮನೆಗಳಲ್ಲಿ ಕರೆಂಟು ಎಲ್ಲಿ ಪೋಲಾಗುತ್ತದೆ ಎಂದು ತಪಾಸಣೆ ಮಾಡಲು ಒಬ್ಬ ಹುಡುಗಿ ಬಂದಳು. ಕೈಯಲ್ಲೊಂದು ಕ್ಯಾಮೆರಾ. ಬಿಸಿ ಇದ್ದಲ್ಲಿ ಕೆಂಪು, ತಂಪಿದ್ದಲ್ಲಿ ನೀಲಿ ತೋರಿಸುತ್ತದೆ. ಮಣ್ಣಿನ ಮಾಳಿಗೆ ಚಲೋ ಇದೆ, ಕೆಡವಬೇಡಿ ಎಂದಳು. ಹಳೆ ಬಲ್ಬು ಬದಲಿಸಿ ಎಂದಳು. ಒಳಮನೆಗೆ ಬಂದು ಗೋಡೆಗೆ ಕ್ಯಾಮೆರಾ ಹಿಡಿದವಳು ಹಾಗೇ ನಿಂತಳು. ಕ್ಯಾಮೆರಾದ ಪರದೆಯಲ್ಲಿ ನೀಲಿ ಗೋಡೆಯ ನಡುವೆ ಒಂದು ಕೆಂಪು ಬಾಗಿಲು.

"ಅಜ್ಜೀ, ಇಲ್ಲೊಂದು ಬಾಗಲಾ ಇತ್ತೇನ್ರಿ?"

ಮಗ "ಇಲ್ರಿ" ಎಂದ. ನಾನು "ಇತ್ತು" ಎಂದೆ.

ಮನೆ ಪಾಲಾದಾಗ ನನ್ನ ಗಂಡ ಮತ್ತು ಮೈದುನ ಸಿಮೆಂಟ್ ಇಟ್ಟಿಗೆ ಇಟ್ಟು ಮುಚ್ಚಿದ ಬಾಗಿಲದು. ಅಣ್ಣತಮ್ಮ ಕೂಡಿ ಮಾಡಿದ ಕೊನೆಯ ಕೆಲಸ. ಆಚೆ ಮೈದುನನ ಅಡುಗೆಮನೆ, ಅದರ ಮೇಲೆ ತಗಡು. ಅಲ್ಲಿಯ ಕಾವು ದಪ್ಪ ಮಣ್ಣಿನ ಗೋಡೆ ದಾಟುವುದಿಲ್ಲ, ತೆಳು ಇಟ್ಟಿಗೆ ದಾಟುತ್ತದೆ ಎಂದಳು ಹುಡುಗಿ. ನನ್ನ ಕಿಟಕಿಯಿಂದ ಬಂದ ಗಾಳಿಗೆ ಹೊರಹೋಗಲು ದಾರಿಯೂ ಇಲ್ಲ. ಬಾಗಿಲು ತೆಗೆದು ತಗಡಿಗೆ ಸುಣ್ಣ ಬಳಿದರೆ ಎರಡೂ ಮನೆ ತಣ್ಣಗಾಗುತ್ತವೆ, ಕೂಲರ್ ಬೇಕಾಗುವುದಿಲ್ಲ.

ಅವಳು ಹೋದಮೇಲೆ ಮಗ ಸಿಟ್ಟಾದ. "ಅಪ್ಪ ಮುಚ್ಚಿದ್ದನ್ನ ನೀ ತಗಸ್ತಿಯೇನು?"

"ನಿಮ್ಮಪ್ಪಗ ಈಗ ಕುದಿ ಹತ್ತೂದಿಲ್ಲ. ನನಗ ಹತ್ತತೈತಿ."

ಓಣಿ ಸುತ್ತಿ ನೆಗೆಣ್ಣಿಯ ಮನೆಗೆ, ಅಂದರೆ ಮೈದುನನ ಹೆಂಡತಿಯ ಹತ್ತಿರ ಹೋದೆ. ಪಾಲಾದಾಗಿನಿಂದ ನಮಗೆ ಮಾತಿಲ್ಲ. ಒಲೆಯ ಮುಂದೆ ಬೆವರಲ್ಲಿ ತೊಯ್ದು ರೊಟ್ಟಿ ಬಡಿಯುತ್ತಿದ್ದಳು.

"ಏನ್ ಬೇಡಾಕ ಬಂದಿ ಅಕ್ಕಾ?"

"ಬೇಡಾಕ ಬಂದಿಲ್ಲ, ಹೇಳಾಕ ಬಂದೀನಿ. ಗ್ವಾಡಿ ಒಡಸ್ತೀನಿ."

ಮೈದುನ ಕಟ್ಟೆಯಿಂದ ಎದ್ದು ಬಂದ. "ಇವತ್ತ ಬಾಗಲಾ ಅಂತಿ ವೈನಿ, ನಾಳೆ ಅಡಗಿಮನಿನೂ ನಂದs ಅಂತಿ."

"ನಿನ್ನ ಅಡಗಿಮನಿ ತಗೊಂಡು ಬೇಯೂದೈತೇನು ನಾನು? ಕೆಳಗಿನ ಅರ್ಧ ಗ್ವಾಡಿ ಇರಲಿ. ಮ್ಯಾಲೆ ಕಬ್ಬಿಣದ ಸರಳು ಹಾಕಸೂಣು. ಗಾಳಿ ದಾಟಲಿ, ಮಂದಿ ದಾಟೂದು ಬ್ಯಾಡ."

ಅವನು ಆಗುವುದಿಲ್ಲ ಎಂದ. ನೆಗೆಣ್ಣಿ ಅವನತ್ತ ನೋಡದೆ ರೊಟ್ಟಿ ತಿರುವಿ ಹಾಕಿದಳು.

"ಹಂಗಾದ್ರ ನಾಳಿಂದ ರೊಟ್ಟಿ ನೀವs ಬಡೀರಿ."

ಮೈದುನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಶಲವಡಿ ಊರಿನ ಗೌಂಡಿ ಬಂದು ಮೇಲಿನರ್ಧ ಇಟ್ಟಿಗೆ ಬಿಚ್ಚಿದ. ಹಳೆಯ ಚೌಕಟ್ಟು ಒಳಗೆ ಹಾಗೇ ಇತ್ತು, ಅದಕ್ಕೇ ಸರಳು ಕೂರಿಸಿದ. ತಗಡಿಗೆ ಸುಣ್ಣವೂ ಆಯಿತು. ಆ ಸಂಜೆಯೇ ಗಾಳಿ ಆಡಿತು. ಕೂಲರ್ ಮೇಲೆ ಈಗ ಜೋಳದ ಚೀಲ ಕುಳಿತಿದೆ.

ಆಚೆ ಒಗ್ಗರಣೆ ಬಿದ್ದರೆ ನನಗೆ ಕೆಮ್ಮು.

"ಮೆಣಸಿನಕಾಯಿ ಕಡಿಮಿ ಹಾಕಬೇ."

"ಗಾಳಿ ಬೇಕಂದಾಕಿ ನೀನs ಅಲ್ಲೇನಕ್ಕಾ? ಕೆಮ್ಮು."

ಹೀಗೆ ದಿನಾ ಬೈದುಕೊಳ್ಳುತ್ತೇವೆ. ರಾಜಿ ಆಗಿಲ್ಲ, ಆಗಬೇಕೆಂದು ನಾನು ಒಡೆಸಲೂ ಇಲ್ಲ. ಗಂಡಸರು ಕಟ್ಟಿದ್ದನ್ನು ಹೆಂಗಸರು ಒಡೆದರು ಎಂದು ಓಣಿ ಆಡಿಕೊಂಡಿತು. ಒಡೆದೆವು, ಏನೀಗ?

ಮಳೆ ಶುರುವಾದಾಗ ಮಗ ಮೆಲ್ಲಗೆ ಕೇಳಿದ, "ಅವ್ವಾ, ಇನ್ನ ತಂಪಾತು. ಆ ಇಟ್ಟಂಗಿ ಎಲ್ಲಿಟ್ಟಿ?"

ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಆ ಇಟ್ಟಿಗೆಗಳನ್ನು ಆಗಲೇ ಹಾಸಿ, ಗಾರೆ ಮೆತ್ತಿಸಿದ್ದೆ.